ಕಲ್ಲುದಾರಿಗೆ ಹಳೆಯ ಜಿಪ್ಸಿ: ಮೊದಲು ದುರಸ್ತಿ, ಆಮೇಲೆ ಮಾರ್ಪಾಡು

ಕೊಡಚಾದ್ರಿಯ ಜೀಪುದಾರಿಯಂಥ, ಮಾಂದಲಪಟ್ಟಿಯ ಏರಿನಂಥ ಕಲ್ಲುಹಾದಿಯಲ್ಲಿ ಹಳೆಯ ವಾಹನವೊಂದು ಕೆಟ್ಟು ನಿಂತಾಗ ಕಾರಣ ಹುಡುಕಿ ನೋಡಿ. ಎಂಜಿನ್ನಿನ ಶಕ್ತಿ ಸಾಲದೆ ನಿಂತದ್ದು ಅಪರೂಪ. ಸವೆದ ಬೇರಿಂಗ್, ನೀರು ಸೇರಿದ ಗೇರ್ ಎಣ್ಣೆ, ಗ್ರೀಸ್ ಕಾಣದೆ ಒಣಗಿದ ಜಾಯಿಂಟ್ ಕ್ರಾಸ್ (ಶಾಫ್ಟಿನ ತುದಿಯ ಕೂಡುಗೀಲು), ತುಕ್ಕು ತಿಂದ ಚಾಸಿಯ ಒಂದು ಮೂಲೆ, ಹೀಗೆ ಮನೆಯಂಗಳದಲ್ಲೇ ಪತ್ತೆಹಚ್ಚಬಹುದಾಗಿದ್ದ ಯಾವುದೋ ಒಂದು ದೋಷ ಅಲ್ಲಿ ಹೊರಬಿದ್ದಿರುತ್ತದೆ. ಆದರೂ ಹಳೆಯ ಫೋರ್‌ವೀಲ್ ವಾಹನ ಕೊಂಡವರಲ್ಲಿ ಹೆಚ್ಚಿನವರು ಮೊದಲು ಹಣ ಸುರಿಯುವುದು ದೊಡ್ಡ ಟೈರು, ವಿಂಚು (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಮತ್ತು ದೀಪಗಳಿಗೆ. ಈ ಲೇಖನದ ಕ್ರಮ ಅದಕ್ಕೆ ತದ್ವಿರುದ್ಧವಾಗಿದೆ: ವಾಹನವನ್ನು ಮೊದಲು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ಆದಷ್ಟು ಹತ್ತಿರ ತರಬೇಕು, ಆಮೇಲೆ ಟೈರು ಮತ್ತು ಸಸ್ಪೆನ್ಷನ್, ಆಮೇಲೆ ಅಡಿಭಾಗದ ರಕ್ಷಣೆ, ಎಲ್ಲಕ್ಕೂ ಕೊನೆಯಲ್ಲಿ ಗೇರು ಮತ್ತು ಡಿಫರೆನ್ಷಿಯಲ್ (ಆಕ್ಸಲಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಡು).

ಉದಾಹರಣೆಗೆ ಮಾರುತಿ ಜಿಪ್ಸಿಯನ್ನು ಆರಿಸಿಕೊಂಡಿದ್ದೇನೆ. ಕರ್ನಾಟಕದ ಕಾಫಿ ತೋಟಗಳಲ್ಲಿ, ಸಫಾರಿಗಳಲ್ಲಿ, ಸೇನೆಯ ಹರಾಜಿನಿಂದ ಬಂದವರ ಕೈಯಲ್ಲಿ ಇದು ಈಗಲೂ ಸಾಕಷ್ಟು ಓಡಾಡುತ್ತಿದೆ. ಸುಜುಕಿಯ ಎಸ್‌ಜೆ ಸರಣಿಯ ಉದ್ದನೆಯ ರೂಪವಾಗಿ 1985ರ ಡಿಸೆಂಬರ್‌ನಲ್ಲಿ ಬಂದ ಮೊದಲ ಜಿಪ್ಸಿಯಲ್ಲಿ 970 ಸಿಸಿ ಎಂಜಿನ್ ಮತ್ತು ನಾಲ್ಕು ಗೇರುಗಳಿದ್ದವು. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿತು. 1996ರಲ್ಲಿ 1,298 ಸಿಸಿ ಎಂಜಿನ್ ಮತ್ತು ಐದನೆಯ ಗೇರು ಸೇರಿ ಅದು ಜಿಪ್ಸಿ ಕಿಂಗ್ ಆಯಿತು. 2000ದಲ್ಲಿ ಕಾರ್ಬುರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಬೇರೆಯಾಗಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ ಬಂದು ಶಕ್ತಿ 60ರಿಂದ 80 ಬಿಎಚ್‌ಪಿಗೆ ಏರಿತು. ಇಷ್ಟೆಲ್ಲ ಬದಲಾದರೂ ಮೂಲ ರಚನೆ ಹಾಗೇ ಉಳಿಯಿತು: ಏಣಿಯಾಕಾರದ ಚಾಸಿ, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್, ಗೇರ್‌ಬಾಕ್ಸಿನಿಂದ ಬೇರೆಯಾಗಿ ಕುಳಿತು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಸುಮಾರು ಒಂದು ಟನ್ ತೂಕ. ಕಲ್ಲಿನ ಮೇಲೆ ಜಿಪ್ಸಿಯನ್ನು ಕಾಪಾಡುವುದು ಈ ಕಡಿಮೆ ತೂಕವೇ. ಮುಂದೆ ಸೂಚಿಸುವ ಪ್ರತಿಯೊಂದು ಬಿಡಿಭಾಗವನ್ನು ಕೊಳ್ಳುವ ಮುನ್ನ ಅದರ ತೂಕವನ್ನು ಕೇಳುವುದು ಒಳ್ಳೆಯ ಅಭ್ಯಾಸ.

ಕೊಳ್ಳುವ ಹಂತದಲ್ಲೇ ಇದ್ದರೆ, ಕಲ್ಲುದಾರಿಗೆ ಎಂಪಿಎಫ್‌ಐ ಮಾದರಿ ಮೇಲು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ 80 ಬಿಎಚ್‌ಪಿ ಅಲ್ಲ. ವಾಹನ ತೀರಾ ವಾಲಿದಾಗ ಅಥವಾ ಮೂತಿ ಮೇಲೆತ್ತಿ ನಿಂತಾಗ ಕಾರ್ಬುರೇಟರಿನ ಫ್ಲೋಟ್ ಕೋಣೆಯಲ್ಲಿ ಪೆಟ್ರೋಲಿನ ಮಟ್ಟ ಓರೆಯಾಗಿ, ಎಂಜಿನ್ನಿಗೆ ಇಂಧನ ಹೆಚ್ಚಾಗಿಯೋ ಕಡಿಮೆಯಾಗಿಯೋ ಅದು ನಿಂತುಹೋಗುತ್ತದೆ. ಏರಿನ ನಡುವೆ ಎಂಜಿನ್ ನಿಲ್ಲುವುದಕ್ಕಿಂತ ಕೆಟ್ಟ ಗಳಿಗೆ ಕಲ್ಲುದಾರಿಯಲ್ಲಿ ಬೇರೆ ಇಲ್ಲ.

ಕಾನೂನಿನ ಮಾತು

ಸ್ಪ್ಯಾನರ್ ಹಿಡಿಯುವ ಮುನ್ನ ಇದನ್ನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಣೆಗಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಲೋಹದ ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ವಾಹನವನ್ನು ಮರುನೋಂದಣಿಗೆ ಒಯ್ದಾಗ ಆರ್‌ಟಿಓ ಪರಿಶೀಲನೆ ಇರುತ್ತದೆ, ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳುತ್ತದೆ. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲೂ ಓಡಬೇಕಾದ ಜಿಪ್ಸಿಯಲ್ಲಿ ಎಂಜಿನ್, ಚಾಸಿಯ ಉದ್ದ, ಬಾಡಿಯ ರೂಪ ಇವುಗಳನ್ನು ಮುಟ್ಟದಿರುವುದು ಕ್ಷೇಮ. ಉಳಿದ ಬದಲಾವಣೆಗಳ ಬಗೆಗೂ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಇಲ್ಲಿ ಹೇಳುವ ಭಾರೀ ಮಾರ್ಪಾಡುಗಳು ಖಾಸಗಿ ತೋಟದ ಅಥವಾ ಸ್ಪರ್ಧೆಯ ಅಂಗಳದ ವಾಹನಗಳಿಗೆ ಸಂಬಂಧಿಸಿದವು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಚಕ್ರ ಇಡುವುದು ಅಪರಾಧ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ಹಂತ: ಚಾಸಿ

ವಾಹನದ ಅಡಿಯನ್ನು ಒತ್ತಡದ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಕೊಳ್ಳಿ. ಜ್ಯಾಕನ್ನೇ ನಂಬಿ ಕೆಳಗೆ ತೂರಬೇಡಿ. ಚಿಕ್ಕ ಸುತ್ತಿಗೆಯಿಂದ ಚಾಸಿಯುದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದರೆ ಗಟ್ಟಿ ಲೋಹ ಖಣಿಲ್ ಎನ್ನುತ್ತದೆ, ತುಕ್ಕು ತಿಂದ ಜಾಗ ಮಂಕಾದ ಸದ್ದು ಕೊಡುತ್ತದೆ. ಹಿಂದಿನ ಸ್ಪ್ರಿಂಗಿನ ಹ್ಯಾಂಗರ್‌ಗಳು, ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಜಾಗ, ಬಾಡಿ ಮೌಂಟುಗಳ ಕೆಳಗೆ, ಸ್ಟಿಯರಿಂಗ್ ಬಾಕ್ಸ್ ಬೋಲ್ಟಾಗುವ ಚಾಸಿಯ ಭಾಗ, ಈ ನಾಲ್ಕನ್ನು ಟಾರ್ಚ್ ಹಿಡಿದು ಸಾವಕಾಶವಾಗಿ ನೋಡಬೇಕು. ಮಲೆನಾಡಿನ ಮಳೆಯಲ್ಲಿ ದುಡಿದ ಗಾಡಿಗಳಲ್ಲಿ ಚಾಸಿಯ ಕೊಳವೆಯೊಳಗೆ ಮಣ್ಣು ಕೂತು, ವರ್ಷವಿಡೀ ಒದ್ದೆಯಾಗಿದ್ದು, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಯಿಂದ ಹೊರಮೈಯೇ ಮೊದಲು ಹೋಗುತ್ತದೆ. ಹೊಸ ಕಪ್ಪು ಬಣ್ಣ ಬಳಿದ ಚಾಸಿಯನ್ನು ಇನ್ನಷ್ಟು ಅನುಮಾನದಿಂದ ನೋಡಿ.

ಕೊಳೆತ ಭಾಗದ ಮೇಲೆಯೇ ತಗಡು ಹೊದಿಸಿ ವೆಲ್ಡ್ ಮಾಡುವುದು ದುರಸ್ತಿಯಲ್ಲ. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಅಥವಾ ತುಸು ಹೆಚ್ಚು ದಪ್ಪದ ಉಕ್ಕನ್ನು ಸೇರಿಸಬೇಕು. ಹೊರಗಿನ ಬಲವರ್ಧಕ ಪ್ಲೇಟಿನ ತುದಿಗಳನ್ನು ವಜ್ರಾಕಾರವಾಗಿ ಓರೆಗೊಳಿಸಿ. ಚಾಸಿಗೆ ಅಡ್ಡಲಾಗಿ ನೇರಗೆರೆಯಲ್ಲಿ ಎಳೆದ ವೆಲ್ಡಿನ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ಎರಡೂ ತಂತಿ ತೆಗೆಯಬೇಕು, ಎಂಪಿಎಫ್‌ಐ ಗಾಡಿಯಾದರೆ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಇಸಿಎಂನ ಪ್ಲಗ್ಗನ್ನೂ ಬಿಡಿಸಬೇಕು, ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನು ಕೆಳಗಿಳಿಸಿ ದೂರ ಇಡಬೇಕು. ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗಕ್ಕೆ ಹತ್ತಿರವೇ ಹಿಡಿಸಿ; ದೂರ ಹಿಡಿಸಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವುಗಳ ಮೈಯನ್ನು ಸುಡಬಹುದು.

ಎರಡನೆಯ ಹಂತ: ಮುಂದಿನ ಆಕ್ಸಲ್

ಜಿಪ್ಸಿಯ ದುರಸ್ತಿಯಲ್ಲಿ ಅತಿ ಹೆಚ್ಚು ಗಮನ ಬೇಡುವ ಭಾಗ ಇದು, ಅತಿ ಹೆಚ್ಚು ಅಸಡ್ಡೆಗೆ ಒಳಗಾಗುವುದೂ ಇದೇ. ಮುಂದಿನ ಚಕ್ರ ತಿರುಗಿದ ಸ್ಥಿತಿಯಲ್ಲೂ ಅದಕ್ಕೆ ಶಕ್ತಿ ತಲುಪಿಸುವ ಬರ್‌ಫೀಲ್ಡ್ ಜಾಯಿಂಟ್ ಇಲ್ಲಿ ದುಂಡನೆಯ ಮುಚ್ಚಿದ ನಕಲ್ (ಸ್ಟಿಯರಿಂಗ್ ಜತೆ ತಿರುಗುವ ಗೂಡು) ಒಳಗೆ ಗ್ರೀಸಿನಲ್ಲಿ ಮುಳುಗಿರುತ್ತದೆ. ನಕಲ್ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗಿನ ಮೇಲೆ ತಿರುಗುತ್ತದೆ.

ಮುಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಸಡಿಲವಾಗಿರುವುದು ವೀಲ್ ಬೇರಿಂಗ್. ಆಗಲೂ ಉಳಿದರೆ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಗುಂಡಿಗೆ ಬಿದ್ದ ಕೂಡಲೆ ಸ್ಟಿಯರಿಂಗ್ ಹುಚ್ಚೆದ್ದಂತೆ ನಡುಗುವ ಕಾಯಿಲೆಗೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಔಷಧ ಹೊಸ ಸ್ಟಿಯರಿಂಗ್ ಡ್ಯಾಂಪರ್. ಅದು ರೋಗವನ್ನು ಮುಚ್ಚಿಡುತ್ತದೆ ಅಷ್ಟೆ. ಮೂಲ ಬಹುತೇಕ ಕಿಂಗ್‌ಪಿನ್‌ನಲ್ಲೋ ಟೈ ರಾಡ್ ತುದಿಗಳಲ್ಲೋ ಸ್ಪ್ರಿಂಗ್ ಬುಷ್‌ಗಳಲ್ಲೋ ಇರುತ್ತದೆ.

ಚಕ್ರದ ಹಿಂಬದಿಯಲ್ಲಿ ಕಪ್ಪು ರಾಡಿ ಸೋರಿದ್ದರೆ ಆಕ್ಸಲ್ ಟ್ಯೂಬಿನ ತುದಿಯ ಒಳಗಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ: ಡಿಫರೆನ್ಷಿಯಲ್ಲಿನ ಎಣ್ಣೆ ನಕಲ್‌ಗೆ ಹರಿದು ಗ್ರೀಸನ್ನು ನೀರಾಗಿಸಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸುವಾಗ ಟಕ್ ಟಕ್ ಸದ್ದು ಬಂದರೆ ಬರ್‌ಫೀಲ್ಡಿನ ಗುಂಡುಗಳೋ ಅವುಗಳ ಪಂಜರವೋ ಸವೆದಿದೆ. ಈ ಎರಡರಲ್ಲಿ ಒಂದು ಕಂಡರೂ ನಕಲನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದೇ ಸರಿ, ಮತ್ತು ಎರಡೂ ಬದಿಯನ್ನು ಒಟ್ಟಿಗೇ ಮಾಡಿಸುವುದು ಲಾಭ.

ಬಿಚ್ಚುವ ಕ್ರಮ ಇದು. ಚಕ್ರ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರನ್ನು ಬಿಡಿಸಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಅದು ಬ್ರೇಕ್ ಹೋಸ್‌ನಿಂದ ಜೋತಾಡದಂತೆ ನೋಡಿಕೊಳ್ಳಿ. ಹಬ್ಬಿನ ಮುಚ್ಚಳ ಅಥವಾ ಚಕ್ರವನ್ನು ಆಕ್ಸಲಿನಿಂದ ಬಿಡಿಸಬಲ್ಲ ಫ್ರೀ ವೀಲಿಂಗ್ ಹಬ್, ಒಳಗಿನ ಲಾಕ್ ನಟ್, ಬೇರಿಂಗುಗಳು, ಹಬ್, ಅದರ ಹಿಂದಿನ ಸ್ಪಿಂಡಲ್, ಕೊನೆಗೆ ಬರ್‌ಫೀಲ್ಡ್ ಸಹಿತ ಆಕ್ಸಲ್ ಶಾಫ್ಟ್, ಈ ಅನುಕ್ರಮದಲ್ಲಿ ಹೊರಬರುತ್ತವೆ. ಕಿಂಗ್‌ಪಿನ್ ಕೆಳಗಿರುವ, ಅಂತರ ಹೊಂದಿಸುವ ತೆಳು ಶಿಮ್‌ಗಳನ್ನು ಮೇಲಿನದು, ಕೆಳಗಿನದು, ಎಡ, ಬಲ ಎಂದು ಬೇರೆ ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆದಿಡಿ. ಆಕ್ಸಲ್ ತುದಿಯ ದುಂಡು ಮೈಯನ್ನು ಸೀಮೆಎಣ್ಣೆಯಿಂದ ತೊಳೆದು ನೋಡಿ. ತುಕ್ಕಿನ ಗುಳಿಗಳಿದ್ದರೆ ನಯವಾದ ಎಮರಿ ಕಾಗದದಿಂದ ತಿಕ್ಕದೆ ಹೊಸ ವೈಪರ್ ಸೀಲ್ ಹಾಕುವುದು ವ್ಯರ್ಥ, ಒಂದೇ ಮಳೆಗಾಲದಲ್ಲಿ ಅದು ಹರಿಯುತ್ತದೆ. ಒಳಗಿನ ಆಯಿಲ್ ಸೀಲ್, ಕಿಂಗ್‌ಪಿನ್ ಬೇರಿಂಗುಗಳು, ವೈಪರ್ ಸೀಲುಗಳ ಪೂರ್ಣ ಸೆಟ್, ಇವುಗಳನ್ನು ಬಿಚ್ಚಿದಾಗಲೆಲ್ಲ ಹೊಸದಾಗಿಯೇ ಹಾಕಬೇಕು. ಬರ್‌ಫೀಲ್ಡಿಗೆ ಮಾಲಿಬ್ಡಿನಮ್ ಬೆರೆತ ಗ್ರೀಸನ್ನು ಗುಂಡುಗಳ ನಡುವೆ ಒತ್ತಿ ತುಂಬಿ. ಮರುಜೋಡಿಸುವಾಗ ವೈಪರ್ ಸೀಲ್ ಹಾಕುವ ಮುನ್ನವೇ ನಕಲ್ ತಿರುಗಲು ಬೇಕಾಗುವ ಬಲವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು, ಕೈಪಿಡಿಯ ಅಳತೆಗೆ ಬರುವಂತೆ ಶಿಮ್‌ಗಳನ್ನು ಹೊಂದಿಸಬೇಕು. ಕೈಯಂದಾಜಿನಲ್ಲೇ ಮುಗಿಸುವ ಮೆಕ್ಯಾನಿಕ್ಕಿಗೆ ಈ ಅಳತೆಯನ್ನು ನೆನಪಿಸಲು ಸಂಕೋಚಪಡಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸೀಲುಗಳೂ ಬೇರಿಂಗುಗಳೂ ಹಲವು ದರ್ಜೆಯಲ್ಲಿ ಸಿಗುತ್ತವೆ. ಸೀಲಿನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿಯನ್ನು ಮುಂದಿನ ಬಿಚ್ಚಾಟದ ಕೂಲಿಯಲ್ಲಿ ಹತ್ತು ಪಟ್ಟು ಕಳೆದುಕೊಳ್ಳಬೇಕಾಗುತ್ತದೆ.

ಮೂರನೆಯ ಹಂತ: ಎಣ್ಣೆ, ಶಾಫ್ಟ್, ಎಂಜಿನ್, ಬ್ರೇಕ್

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಈ ನಾಲ್ಕೂ ಕಡೆಯ ಎಣ್ಣೆಯನ್ನು ಬದಲಿಸಿ. ಯಾವಾಗಲೂ ಮೇಲಿನ ತುಂಬುವ ಪ್ಲಗ್ ಮೊದಲು ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿ, ಆಮೇಲೆ ಕೆಳಗಿನದನ್ನು ತೆಗೆಯಿರಿ. ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ಕಚ್ಚಿಕೊಂಡಿರುವುದು ತಿಳಿದರೆ ಗಾಡಿ ಅಲ್ಲೇ ಉಳಿಯುತ್ತದೆ. ಹೊರಬಂದ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಲೋಹದ ಚೂರುಗಳಿದ್ದರೆ ಗೇರಿನ ಹಲ್ಲು ಅಥವಾ ಬೇರಿಂಗ್ ಉದುರಿದೆ. ಡಿಫರೆನ್ಷಿಯಲ್ಲುಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಅದನ್ನೇ ಗೇರ್‌ಬಾಕ್ಸಿಗೂ ಸುರಿಯುವ ರೂಢಿ ಹಲವೆಡೆ ಇದೆ. ಆದರೆ ಅಲ್ಲಿರುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಜಿಎಲ್-4 ಹಿತ.

ಎರಡೂ ಆಕ್ಸಲ್‌ಗಳ ನೆತ್ತಿಯಲ್ಲಿರುವ ಉಸಿರುಗೊಳವೆಯನ್ನು ಉದ್ದನೆಯ ರಬ್ಬರ್ ನಳಿಕೆಯಿಂದ ಬಾನೆಟ್ಟಿನೊಳಗಿನ ಎತ್ತರಕ್ಕೆ ಒಯ್ದು ಕಟ್ಟಿ. ಏರು ಹತ್ತಿ ಕಾದ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗೆ ಇಳಿದ ಕೂಡಲೆ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಈ ಲೇಖನದಲ್ಲಿ ಹೇಳುವ ಕೆಲಸಗಳಲ್ಲೆಲ್ಲ ಅತಿ ಅಗ್ಗದ್ದು ಇದೇ.

ಜಿಪ್ಸಿಯಲ್ಲಿ ಮೂರು ಪ್ರೊಪೆಲ್ಲರ್ ಶಾಫ್ಟ್‌ಗಳಿವೆ: ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಚಿಕ್ಕದೊಂದು, ಅಲ್ಲಿಂದ ಮುಂದಕ್ಕೆ ಮತ್ತು ಹಿಂದಕ್ಕೆ ಒಂದೊಂದು. ಪ್ರತಿ ಜಾಯಿಂಟ್ ಕ್ರಾಸನ್ನೂ ಕೈಯಲ್ಲಿ ತಿರುಚಿ ಆಟ ನೋಡಿ, ಗ್ರೀಸ್ ಹೊಡೆಯಿರಿ. ಗಾಡಿ ಹೊರಡುವಾಗ ನಡುಭಾಗದಿಂದ ಧಡ್ ಎಂಬ ಸದ್ದು, ಒಂದು ನಿರ್ದಿಷ್ಟ ವೇಗದಲ್ಲಿ ನೆಲವೆಲ್ಲ ಗುಂಯ್‌ಗುಡುವುದು, ಇವೆರಡಕ್ಕೂ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟುಗಳು ಸೀಳಿರುವುದೇ ಹೆಚ್ಚಾಗಿ ಕಾರಣ.

ಎಂಜಿನ್ನಿನ ಬಗೆಗೆ ಹೇಳಬೇಕಾದ್ದು ಕಡಿಮೆ. ಕಲ್ಲಿನ ಮೇಲೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ತಂಪು ಸಿಗುವುದಿಲ್ಲವಾದ್ದರಿಂದ ರೇಡಿಯೇಟರ್ ಸ್ವಚ್ಛವಾಗಿರಬೇಕು, ಫ್ಯಾನ್ ಸರಿಯಾಗಿ ಗಾಳಿ ಎಳೆಯಬೇಕು, ಥರ್ಮೋಸ್ಟಾಟ್ ತೆಗೆದು ಬಿಸಾಡಿದ ಗಾಡಿಗೆ ಅದನ್ನು ಮತ್ತೆ ಹಾಕಬೇಕು. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬ ದಾಖಲೆ ಇಲ್ಲದಿದ್ದರೆ ಹೊಸದನ್ನು ಹಾಕಿಸಿ, ಅದೇ ಬಿಚ್ಚಾಟದಲ್ಲಿ ವಾಟರ್ ಪಂಪನ್ನೂ ನೋಡಿಸಿ. ಕಡಿದಾದ ಏರಿನಲ್ಲಿ ಎಣ್ಣೆಯೆಲ್ಲ ಒಂದೆಡೆಗೆ ಸರಿಯುವುದರಿಂದ ಎಂಜಿನ್ ಎಣ್ಣೆಯ ಮಟ್ಟ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನಲ್ಲೇ ಇರಲಿ.

ಬ್ರೇಕ್ ಹೋಸ್‌ಗಳು ಬಿರುಕು ಬಿಟ್ಟಿದ್ದರೆ ಬದಲಿಸಿ. ಹಿಂದಿನ ಡ್ರಮ್ಮುಗಳನ್ನು ತೆಗೆದು, ಒಳಗೆ ಕೂತಿರುವ ಕೆಸರಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗಾಳಿ ಹೊಡೆದು ಆ ದೂಳನ್ನು ಉಸಿರಿಗೆ ಎಳೆದುಕೊಳ್ಳಬೇಡಿ.

ನಾಲ್ಕನೆಯ ಹಂತ: ಟೈರು

ಮಾರ್ಪಾಡು ಇಲ್ಲಿಂದ ಆರಂಭ. ಸಸ್ಪೆನ್ಷನ್ ಎತ್ತರಿಸಿದರೆ ಬಾಡಿ ಮತ್ತು ಚಾಸಿ ಮೇಲೇರುತ್ತವೆಯೇ ಹೊರತು ಆಕ್ಸಲಿನ ಕೆಳಗೆ ಜೋತಾಡುವ ಡಿಫರೆನ್ಷಿಯಲ್ ಗುಂಡು ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಅದನ್ನು ಏರಿಸಬಲ್ಲದ್ದು ಟೈರು ಮಾತ್ರ. 205/70 ಆರ್15 ಅಳತೆಯ ಟೈರಿನ ವ್ಯಾಸ ಸುಮಾರು 668 ಮಿ.ಮೀ.; 215/75 ಆರ್15 ಸುಮಾರು 703 ಮಿ.ಮೀ.; 235/75 ಆರ್15 ಸುಮಾರು 733 ಮಿ.ಮೀ. ನೆಲದಿಂದ ಸಿಗುವ ಎತ್ತರ ಈ ವ್ಯತ್ಯಾಸದ ಅರ್ಧ ಮಾತ್ರ, ಅಂದರೆ 205/70ರಿಂದ ಅತಿ ದೊಡ್ಡದಕ್ಕೆ ಹೋದರೂ 33 ಮಿ.ಮೀ. ಆಸುಪಾಸು. ಬದಲಿಗೆ ಗೇರಿಂಗ್ ಹತ್ತಿರ ಹತ್ತಿರ 10 ಪ್ರತಿಶತ ಎತ್ತರವಾಗುತ್ತದೆ: ಸ್ಪೀಡೋಮೀಟರ್ 40 ತೋರಿಸುವಾಗ ಗಾಡಿ 44ರಲ್ಲಿರುತ್ತದೆ, ಏರಿನಲ್ಲಿ ಮೊದಲಿನ ನಿಧಾನಗತಿ ಸಿಗುವುದಿಲ್ಲ, ಬ್ರೇಕಿಗೂ ಬರ್‌ಫೀಲ್ಡಿಗೂ ಹೊರೆ ಹೆಚ್ಚುತ್ತದೆ. ತೋಟದ ದಾರಿಗೂ ಸಾಧಾರಣ ಕಲ್ಲುಹಾದಿಗೂ 215/75 ಸಾಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಟೈರಿನ ಅಳತೆಗಿಂತ ಅದರೊಳಗಿನ ಗಾಳಿಯೇ ಹೆಚ್ಚಿನ ಫಲ ಕೊಡುತ್ತದೆ. ಜಿಪ್ಸಿಯಷ್ಟು ಹಗುರ ಗಾಡಿಯಲ್ಲಿ ಕಲ್ಲುದಾರಿಯ ಆರಂಭದಲ್ಲಿ ಒತ್ತಡವನ್ನು 15ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರು ಕಲ್ಲಿನ ಮೈಗೆ ಹೊಂದಿಕೊಂಡು ಹಿಡಿಯುತ್ತದೆ, ಚೂಪು ಅಂಚು ತಾಗಿದಾಗ ಸೀಳುವ ಬದಲು ಬಾಗುತ್ತದೆ, ಸ್ಪ್ರಿಂಗುಗಳಿಗೆ ಬೀಳುವ ಹೊಡೆತವೂ ತಗ್ಗುತ್ತದೆ. ಟೈರಿನ ಅಂಚನ್ನು ರಿಮ್ಮಿಗೆ ಬಿಗಿಹಿಡಿಯುವ ಬೀಡ್‌ಲಾಕ್ ಇಲ್ಲದ ರಿಮ್ಮಿನಲ್ಲಿ 12 ಪಿಎಸ್‌ಐಗಿಂತ ಕೆಳಗಿಳಿಯಬೇಡಿ. ಅಡ್ಡಲಾಗಿ ಜಾರಿದಾಗ ಟೈರು ರಿಮ್ಮಿನಿಂದ ಕಳಚುತ್ತದೆ. ಇಳಿಸಿದ ಗಾಳಿಯನ್ನು ಟಾರು ರಸ್ತೆ ಸೇರುವ ಮುನ್ನ ತುಂಬಲೇಬೇಕು, ಆದ್ದರಿಂದ 12 ವೋಲ್ಟಿನ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸುವ ಯೋಚನೆಯೇ ಬೇಡ. ಟೈರಿನ ಪಕ್ಕದ ಗೋಡೆ ಸೀಳಿದರೆ ಪಂಕ್ಚರ್ ಪಟ್ಟಿ ನಿಲ್ಲುವುದಿಲ್ಲ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಬೇಕು.

ಐದನೆಯ ಹಂತ: ಸ್ಪ್ರಿಂಗ್

ಹೆಚ್ಚಿನ ಹಳೆಯ ಜಿಪ್ಸಿಗಳಿಗೆ ಬೇಕಾಗಿರುವುದು ಲಿಫ್ಟ್ ಕಿಟ್ ಅಲ್ಲ. ಬ್ಲೇಡುಗಳನ್ನು ಬಿಚ್ಚಿ, ತಂತಿಬ್ರಷ್ಷಿನಿಂದ ತುಕ್ಕು ತೆಗೆದು, ಮುರಿದ ಬ್ಲೇಡ್ ಬದಲಿಸಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಹೊಸ ರಬ್ಬರ್ ಬುಷ್ ಮತ್ತು ಶ್ಯಾಕಲ್ ಪಿನ್ ಹಾಕಿ ಕೂರಿಸಿದರೆ, ಒಂದಕ್ಕೊಂದು ಅಂಟಿಕೊಂಡು ಮರದ ದಿಮ್ಮಿಯಂತಾಗಿದ್ದ ಸ್ಪ್ರಿಂಗ್ ಮತ್ತೆ ಬಾಗಲು ಕಲಿಯುತ್ತದೆ. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ, ಆದರೆ ಆಕ್ಸಲ್ ಓರೆಯಾಗುವಾಗ ರಬ್ಬರಿನಷ್ಟು ತಿರುಚಿಕೊಳ್ಳುವುದಿಲ್ಲ.

ಎತ್ತರ ಬೇಕೇಬೇಕಾದರೆ 50 ಮಿ.ಮೀ. ಒಳಗೆ ನಿಲ್ಲಿಸಿ. ಉದ್ದನೆಯ ಶ್ಯಾಕಲ್ ಅಗ್ಗದ ದಾರಿ, ಆದರೆ ಮುಂದಿನ ಆಕ್ಸಲಿನ ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ತಗ್ಗಿ ಗಾಡಿ ನೇರ ರಸ್ತೆಯಲ್ಲಿ ಅಲೆಯತೊಡಗುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಓರೆ ಶಿಮ್ ಇಟ್ಟು ಅದನ್ನು ಸರಿಪಡಿಸಬೇಕಾಗುತ್ತದೆ. ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತರುವ ವಿಧಾನದಿಂದ ಒಮ್ಮೆಲೇ ಸುಮಾರು 125 ಮಿ.ಮೀ. ಎತ್ತರ ಸಿಗುತ್ತದೆ, ಅದರ ಹಿಂದೆಯೇ ಹೊಸ ಸ್ಪ್ರಿಂಗ್ ಕೂರು, ಬಾಗಿಸಿದ ಡ್ರ್ಯಾಗ್ ಲಿಂಕ್, ಉದ್ದನೆಯ ಬ್ರೇಕ್ ಹೋಸ್, ಪಿನಿಯನ್ ಕೋನದ ತಿದ್ದುಪಡಿ, ಶಾಫ್ಟಿನ ಸ್ಪೇಸರ್, ಆಕ್ಸಿಲರೇಟರ್ ಒತ್ತಿದಾಗ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚುವುದನ್ನು ತಡೆಯುವ ತೋಳು, ಎಲ್ಲವೂ ಬೇಕಾಗುತ್ತವೆ. ಇವುಗಳಲ್ಲಿ ಅರ್ಧವನ್ನಷ್ಟೇ ಮಾಡಿ ರಸ್ತೆಗಿಳಿಸಿದ ಗಾಡಿ ಪಲ್ಟಿಯಾಗಲು ತಯಾರಾದ ಗಾಡಿ.

ಯಾವ ಬದಲಾವಣೆಯ ಬಳಿಕವೂ ಒಂದು ಪರೀಕ್ಷೆ ಮಾಡಿ. ಮುಂದಿನ ಒಂದು ಚಕ್ರವನ್ನೂ ಅದರ ಎದುರು ಮೂಲೆಯ ಹಿಂದಿನ ಚಕ್ರವನ್ನೂ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ: ಜೋತುಬಿದ್ದ ಬದಿಯಲ್ಲಿ ಬ್ರೇಕ್ ಹೋಸ್ ಬಿಗಿಯಾಗಿದೆಯೇ, ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದುಕೊಂಡು ಆಕ್ಸಲನ್ನು ತಡೆದಿದೆಯೇ, ಮೇಲೊತ್ತಿದ ಬದಿಯಲ್ಲಿ ಟೈರು ಫೆಂಡರಿಗೆ ತಾಗಿದೆಯೇ, ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗುತ್ತದೆಯೇ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟುಗಳನ್ನು ಹಳೆಯದೇ ಹಾಕದೆ ಹೊಸದನ್ನು ಬಳಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಆರನೆಯ ಹಂತ: ಅಡಿಭಾಗದ ರಕ್ಷಣೆ

ಬಾಗಿಲ ಕೆಳಗಿನ ಅಂಚನ್ನು ಕಾಯುವ ರಾಕ್ ಸ್ಲೈಡರ್ ಚಾಸಿಗೆ ಹಿಡಿದಿರಬೇಕು. ಬಾಡಿಗೆ ಬೋಲ್ಟಾದ ಅಲಂಕಾರದ ಫುಟ್‌ಬೋರ್ಡ್ ಮೊದಲ ಕಲ್ಲಿಗೇ ಬಾಗಿಲನ್ನು ಒಳಗೆ ತಳ್ಳುತ್ತದೆ. ಮೂರು ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಗೋಡೆಯ ಉಕ್ಕಿನ ಕೊಳವೆ ಸಾಕು, ಇಡೀ ಗಾಡಿಯ ಒಂದು ಬದಿಯನ್ನು ಅದರಿಂದಲೇ ಜ್ಯಾಕ್ ಎತ್ತಿ ನೋಡಿದರೆ ಅದರ ಬಲ ತಿಳಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಕೆಳಗೆ ಒಂದು ಉಕ್ಕಿನ ತಟ್ಟೆ, ಡಿಫರೆನ್ಷಿಯಲ್ ಗುಂಡಿಗೆ ಒಂದು ಕವಚ, ಇಷ್ಟು ಅಗತ್ಯ. ತಟ್ಟೆಯಲ್ಲಿ ಕೆಸರು ಹೊರಹೋಗಲು ಮತ್ತು ಎಣ್ಣೆ ಬದಲಿಸಲು ತೂತುಗಳಿರಲಿ.

ಎಳೆಯುವ ಕೊಕ್ಕೆಗಳು ಮುಂದೆ ಹಿಂದೆ ಎರಡೂ ಕಡೆ ಚಾಸಿಗೆ, 8.8 ಅಥವಾ 10.9 ದರ್ಜೆಯ ಬೋಲ್ಟುಗಳಿಂದ ಹಿಡಿದಿರಬೇಕು. ಟ್ರೇಲರ್ ಕಟ್ಟುವ ಗುಂಡಿಗೆ (ಟೋ ಬಾಲ್) ಎಂದೂ ಎಳೆಯುವ ಪಟ್ಟಿ ಸಿಕ್ಕಿಸಬೇಡಿ. ಮುರಿದರೆ ಅದು ಗುಂಡೇಟಿಗೆ ಸಮ. ವಿಂಚ್ ಹಾಕುವುದಾದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ಬೇಕೆಂಬ ಲೆಕ್ಕದಲ್ಲಿ ಜಿಪ್ಸಿಗೆ 6,000 ಪೌಂಡಿನದು ಧಾರಾಳವಾಯಿತು. ಟ್ರಕ್ಕಿಗೆ ಹೊಂದುವ ದೊಡ್ಡ ವಿಂಚನ್ನು ಮೂತಿಗೆ ಹೇರಿದರೆ ಮುಂದಿನ ಸ್ಪ್ರಿಂಗ್ ಕುಸಿಯುವುದೇ ಲಾಭ.

ಏಳನೆಯ ಹಂತ: ಗೇರು ಮತ್ತು ಲಾಕರ್

ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ಅನುಪಾತ 1.409, ಲೋ ಅನುಪಾತ 2.268 (ಅನುಪಾತ ಹೆಚ್ಚಿದಷ್ಟೂ ಗಾಡಿ ನಿಧಾನ). ಕಲ್ಲಿನ ಮೇಲೆ ಕ್ಲಚ್ ಮುಟ್ಟದೆ ತೆವಳಲು ಈ ಲೋ ಸಾಲದು, ಅದರಲ್ಲೂ ದೊಡ್ಡ ಟೈರು ಹಾಕಿದ ಮೇಲೆ. ಅಮೆರಿಕದಲ್ಲಿ ಸಾಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾದ ಇದೇ ಕುಟುಂಬದ ಗಾಡಿಗೆ ಅಲ್ಲಿನವರು 4.16 ಅನುಪಾತದ, ಅದಕ್ಕೂ ಹೆಚ್ಚಿನ ಗೇರ್ ಸೆಟ್ಟುಗಳನ್ನು ತಯಾರಿಸಿದ್ದಾರೆ, 4.16 ಹಾಕಿದರೆ ಅದೇ ಎಂಜಿನ್ ವೇಗದಲ್ಲಿ ಗಾಡಿ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚಿನ ವೇಗದಲ್ಲಷ್ಟೇ ಚಲಿಸುತ್ತದೆ. ಎಂಜಿನ್ ಬದಲಿಸಲು ಖರ್ಚು ಮಾಡುವವರು ಆ ಹಣವನ್ನು ಇಲ್ಲಿ ಹಾಕಿದರೆ ಕಲ್ಲುದಾರಿಯಲ್ಲಿ ಹೆಚ್ಚು ಉಪಯೋಗ. ಆದರೆ ದುಪ್ಪಟ್ಟಿಗೆ ಹತ್ತಿರವಾದ ತಿರುಚು ಬಲ ಹೋಗಿ ಸೇರುವುದು ಶಾಫ್ಟಿಗೆ, ಬರ್‌ಫೀಲ್ಡಿಗೆ ಮತ್ತು ಕ್ರೌನ್ ವೀಲಿಗೆ. ಒಂದು ಭಾಗವನ್ನು ಬಲಪಡಿಸಿದಾಗಲೆಲ್ಲ ಮುರಿಯುವ ಸರದಿ ಅದರ ಪಕ್ಕದ ಭಾಗದ್ದಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಮುಂದುವರಿಯಬೇಕು.

ಮೂಲ ಡಿಫರೆನ್ಷಿಯಲ್ ತೆರೆದ ಬಗೆಯದು. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಆ ಆಕ್ಸಲಿನ ಶಕ್ತಿಯೆಲ್ಲ ಅಲ್ಲೇ ಸುತ್ತಿ ವ್ಯರ್ಥವಾಗುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಲಾಕರ್ ಹಾಕುವುದಾದರೆ ಹಿಂದಿನ ಆಕ್ಸಲಿಗೆ ಮೊದಲು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಅಲ್ಲಿ ಬರ್‌ಫೀಲ್ಡ್ ಇಲ್ಲ, ಸ್ಟಿಯರಿಂಗೂ ಬಿಗಿಯಾಗುವುದಿಲ್ಲ. ಡಿಫರೆನ್ಷಿಯಲ್ಲಿನ ಒಳಗೇರುಗಳನ್ನೇ ವೆಲ್ಡ್ ಮಾಡಿಬಿಡುವ ಅಗ್ಗದ ಉಪಾಯ ಸ್ಪರ್ಧೆಯ ಗಾಡಿಗಳಿಗೆ ಮಾತ್ರ. ರಸ್ತೆಯ ಪ್ರತಿ ತಿರುವಿನಲ್ಲೂ ಅದು ಟೈರು ಉಜ್ಜುತ್ತದೆ, ಆಕ್ಸಲ್ ತಿರುಚುತ್ತದೆ.

ಹಾದಿಯಲ್ಲಿ

ಫೋರ್‌ವೀಲ್ ಲೋ ಗೇರನ್ನು ಕಲ್ಲು ಎದುರಾದ ಮೇಲಲ್ಲ, ಅದಕ್ಕೂ ಮೊದಲೇ ಸಮತಟ್ಟಿನಲ್ಲಿ ಹಾಕಿ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬೇಡಿ, ಮುಂದಿನ ಹಿಂದಿನ ಚಕ್ರಗಳ ವೇಗವ್ಯತ್ಯಾಸಕ್ಕೆ ಜಾರಲು ಜಾಗ ಸಿಗದೆ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಹಾಯಿಸುವ ಆಸೆ ಬೇಡ. ಟೈರನ್ನೇ ಅದರ ಮೇಲೆ ಹತ್ತಿಸಿದರೆ ಡಿಫರೆನ್ಷಿಯಲ್ ತಾನಾಗಿ ಮೇಲೇರುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಜಿಪ್ಸಿಯಲ್ಲಿ ಹೆಬ್ಬೆರಳನ್ನು ಸ್ಟಿಯರಿಂಗ್ ಕಡ್ಡಿಗಳ ಒಳಗೆ ಸಿಕ್ಕಿಸಿ ಹಿಡಿಯಬಾರದು, ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ಗಿರ್ರನೆ ತಿರುಗಿ ಬೆರಳನ್ನು ಮುರಿಯುತ್ತದೆ. ಬರ್‌ಫೀಲ್ಡ್ ಹೆಚ್ಚಾಗಿ ಮುರಿಯುವುದು ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರ ಸಿಕ್ಕಿಕೊಂಡಿರುವಾಗ ಆಕ್ಸಿಲರೇಟರ್ ತುಳಿದಾಗ. ಆ ಗಳಿಗೆಯಲ್ಲಿ ಕಾಲು ತೆಗೆದು, ಒಂದು ಅಡಿ ಹಿಂದೆ ಬಂದು, ಸ್ಟಿಯರಿಂಗ್ ತುಸು ನೇರ ಮಾಡಿಕೊಂಡು ಮತ್ತೆ ಹೊರಡಿ.

ಒಯ್ಯಬೇಕಾದ ಬಿಡಿಭಾಗಗಳು ಹೆಚ್ಚಿಲ್ಲ: ಒಂದು ಬರ್‌ಫೀಲ್ಡ್ ಸಹಿತ ಶಾಫ್ಟ್, ಜಾಯಿಂಟ್ ಕ್ರಾಸ್, ಯು-ಬೋಲ್ಟ್, ಕ್ಲಚ್ ಕೇಬಲ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಗೇರ್ ಎಣ್ಣೆ. ಎಡ ಬಲ ಶಾಫ್ಟುಗಳ ಉದ್ದ ಬೇರೆ ಬೇರೆ ಎಂಬುದನ್ನು ಕೊಳ್ಳುವಾಗ ಮರೆಯಬೇಡಿ. ಬರ್‌ಫೀಲ್ಡ್ ಮುರಿದರೆ ಚೂರುಗಳು ನಕಲ್ ಒಳಗೆ ಸಿಕ್ಕಿ ಸ್ಟಿಯರಿಂಗನ್ನೇ ಹಿಡಿದುಬಿಡಬಹುದು. ಆದ್ದರಿಂದ ಆ ಶಾಫ್ಟನ್ನು ಹೊರತೆಗೆದು, ಟೂ ವೀಲ್ ಡ್ರೈವಿನಲ್ಲಿ ನಿಧಾನವಾಗಿ ಇಳಿದು ಬನ್ನಿ. ಹಿಂದಿನ ಅರ್ಧ ಶಾಫ್ಟ್ ಮುರಿದು, ಚಕ್ರ ತನ್ನ ಬೇರಿಂಗಿನಲ್ಲಿ ಗಟ್ಟಿಯಾಗಿ ನಿಂತಿದ್ದರೆ, ಫೋರ್‌ವೀಲ್ ಹಾಕಿದಾಗ ಮುಂದಿನ ಆಕ್ಸಲೇ ಗಾಡಿಯನ್ನು ಎಳೆದು ತರುತ್ತದೆ.

ಮನೆಗೆ ಮರಳಿದ ಮರುದಿನವೇ ಅಡಿಭಾಗ ತೊಳೆದು, ಎಲ್ಲ ನಿಪ್ಪಲ್ಲುಗಳಿಗೆ ಗ್ರೀಸ್ ಹೊಡೆದು, ಯು-ಬೋಲ್ಟ್, ವೀಲ್ ನಟ್, ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ನೋಡಿ. ಹಳ್ಳ ದಾಟಿದ್ದರೆ ಗಾಡಿ ರಾತ್ರಿಯಿಡೀ ನಿಂತ ಮೇಲೆ ಡಿಫರೆನ್ಷಿಯಲ್ಲಿನ ಕೆಳಗಿನ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಒಳಗೆ ಸೇರಿದ್ದರೆ ಮೊದಲು ತೊಟ್ಟಿಕ್ಕುವುದು ನೀರೇ. ಒಂದು ಹನಿ ನೀರು ಕಂಡರೂ ಎಣ್ಣೆಯನ್ನು ಅದೇ ದಿನ ಬದಲಿಸಿ, ಹಾಗೆಯೇ ಸೀಲನ್ನೂ ಉಸಿರುಗೊಳವೆಯನ್ನೂ ಮತ್ತೆ ಪರೀಕ್ಷಿಸಿ.